ಕಪ್ಪೆಮೊನೆಗೆ ಕಟ್ಟಿದ ಕೆಂಪು ಅರಿವೆ

ನನ್ನ ಗಂಡ ಸಾಬಣ್ಣ ಕಪ್ಪೆ ತಿಂದು ಸತ್ತವನಲ್ಲ. ಮೊದಲು ಇದನ್ನು ಕಿವಿಗೆ ಹಾಕಿಕೊಳ್ಳಿ, ಆಮೇಲೆ ಮಿಕ್ಕಿದ್ದು ಹೇಳುತ್ತೇನೆ. ಅವನು ಸತ್ತ ದಿನ ಹೊಡೆದು ತಂದ ಕಪ್ಪೆಗಳು ಇನ್ನೂ ಬುಟ್ಟಿಯಲ್ಲೇ ಇದ್ದವು. ಒಲೆ ಹೊತ್ತಿರಲಿಲ್ಲ. ಖಾರ ಅರೆಯಲು ಕಲ್ಲು ತೊಳೆದಿಟ್ಟಿದ್ದೆ, ಅಷ್ಟೇ. ಆದರೂ ಡಾಕ್ಟರು ಹಾಗೇ ಹೇಳಿದರು, ಪೇಪರಿನವರು ಹಾಗೇ ಬರೆದರು, ಊರವರು ಹಾಗೇ ಆಡಿಕೊಂಡರು. ತಿನ್ನಬಾರದ್ದು ತಿಂದ, ಸತ್ತ. ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನ ಇತ್ತು. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಮ್ಮೂರು ಶಹಾಪುರದ ಆಚೆ, ಕಾಲುವೆಯ ಕೆಳಗೆ. ನಮ್ಮ ಓಣಿಗೆ ಊರವರು ಇಟ್ಟ ಹೆಸರು ಕಪ್ಪಿ ಓಣಿ. ನಮಗೂ ಒಂದು ಹೆಸರಿದೆ, ಕರೆಯುವವರು ಯಾರೂ ಇಲ್ಲ. ಊರ ಭತ್ತದ ನಾಟಿ ನಮ್ಮದು, ಕಳೆ ನಮ್ಮದು. ಇಡೀ ದಿನ ಸೊಂಟ ಬಗ್ಗಿಸಿ ಕೆಸರಲ್ಲಿ ನಿಂತು ನಮ್ಮ ಕಾಲ್ಬೆರಳ ಸಂದಿ ಕೊಳೆಯುತ್ತವೆ, ಉಗುರು ಕಪ್ಪಾಗುತ್ತವೆ. ನಮ್ಮ ಕೈ ಮುಟ್ಟಿದ ಭತ್ತ ಅವರಿಗೆ ಮೈಲಿಗೆಯಾಗುವುದಿಲ್ಲ. ನಾವು ಕೂತ ಹಣಮಪ್ಪನ ಕಟ್ಟೆ ಮೈಲಿಗೆಯಾಗುತ್ತದೆ. ನಾವು ಬಡತನಕ್ಕೆ ಕಪ್ಪೆ ತಿನ್ನುತ್ತೇವೆ ಎಂದು ಕೆಲವು ಒಳ್ಳೆಯವರು ಮರುಗುತ್ತಾರೆ. ಮರುಗಬೇಡಿ. ನಾವು ರುಚಿಗೆ ತಿನ್ನುತ್ತೇವೆ. ಬೆಳ್ಳುಳ್ಳಿ ಖಾರ ಹಚ್ಚಿ ಹುರಿದ ಕಪ್ಪೆಯ ಕಾಲು, ಅದಕ್ಕೊಂದು ಬಿಸಿ ಜೋಳದ ರೊಟ್ಟಿ. ನಿಮ್ಮ ಮರುಕ ನಮ್ಮ ಗಂಗಾಳದಲ್ಲಿ ಬೀಳುವುದು ಬೇಡ.

ಕಪ್ಪೆಮೊನೆ ಅಂದರೆ ಕಪ್ಪೆ ಹೊಡೆಯುವ ಬಾಣದ ತುದಿ. ಕಪ್ಪೆಯ ಮೈ ಜಾರು. ಒಂಟಿ ಮೊನೆ ಚುಚ್ಚಿದರೆ ಒದ್ದಾಡಿ ಬಿಡಿಸಿಕೊಂಡು ಕೆಸರಿಗೆ ಇಳಿದುಬಿಡುತ್ತದೆ. ಅದಕ್ಕೇ ಮೂರು ಮುಳ್ಳು, ಪ್ರತಿ ಮುಳ್ಳಿಗೂ ಹಿಂದಕ್ಕೆ ಬಾಗಿದ ಒಂದು ಕೊಕ್ಕೆ. ಊರ ಕುಲುಮೆಯಲ್ಲಿ ಇದನ್ನು ಮಾಡಿಕೊಡುವುದಿಲ್ಲ. ಕುಡುಗೋಲು ಒಯ್ದರೆ ತಟ್ಟಿಕೊಡುತ್ತಾರೆ, ಕಪ್ಪೆಮೊನೆ ಅಂದರೆ ಬೆಂಕಿಗೆ ಮೈಲಿಗೆಯಂತೆ. ಬೆಂಕಿಗೂ ಮೈಲಿಗೆ ಹತ್ತಿಸಿದ ಪುಣ್ಯಾತ್ಮರು ಇವರು. ಹಾಗಾಗಿ ನಮ್ಮ ಓಣಿಯಲ್ಲಿ ಮೊದಲಿಂದಲೂ ಮೊನೆ ಮನೆಯಲ್ಲೇ ಆಗಬೇಕು. ನನ್ನಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನನಗೆ ಕಲಿಸಿದ. ಮದುವೆಯಾದ ಮೇಲೆ ಬಿಲ್ಲು ಸಾಬಣ್ಣನದು, ಮೊನೆ ನನ್ನದು.

ಶಹಾಪುರದ ಅಲ್ಲಾಬಕ್ಷನ ಸೈಕಲ್ ಅಂಗಡಿಯಲ್ಲಿ ಮುರಿದ ಕಡ್ಡಿಗಳನ್ನು ನನಗೆಂದೇ ಒಂದು ಡಬ್ಬಿಯಲ್ಲಿ ಹಾಕಿಡುತ್ತಾನೆ. ಆ ಕಡ್ಡಿಯನ್ನು ಬೆರಳುದ್ದ ತುಂಡು ಮಾಡಬೇಕು. ಕುಳ್ಳಿನ ಕೆಂಡದಲ್ಲಿ ಹೂತು ತಗಡಿನಿಂದ ಗಾಳಿ ಹಾಕಬೇಕು. ಕೆಂಪಾದ ಮೇಲೆ ಇಕ್ಕಳದಲ್ಲಿ ಹಿಡಿದು ತುದಿ ಚಪ್ಪಟೆ ಮಾಡಬೇಕು. ನನ್ನ ಹತ್ತಿರ ಒಂದು ರೈಲು ಹಳಿಯ ತುಂಡು ಇತ್ತು, ಯಾದಗಿರಿಯ ಗುಜರಿಯಿಂದ ಸಾಬಣ್ಣ ಹೆಗಲ ಮೇಲೆ ಹೊತ್ತು ತಂದದ್ದು. ಅದರ ಮೇಲಿಟ್ಟು ಉಳಿಯಿಂದ ಓರೆಯಾಗಿ ಒಂದು ಏಟು ಹಾಕಿದರೆ ಕೊಕ್ಕೆ ಏಳುತ್ತದೆ. ಏಟು ಜೋರಾದರೆ ತುದಿಯೇ ಹಾರುತ್ತದೆ. ಮೆಲ್ಲಗಾದರೆ ಕೊಕ್ಕೆ ಏಳುವುದಿಲ್ಲ. ಆಮೇಲೆ ಅರದಿಂದ ಉಜ್ಜಬೇಕು, ಮತ್ತೆ ಕಾಯಿಸಿ ನೀರಿಗೆ ಅದ್ದಬೇಕು. ಮೂರು ಮುಳ್ಳು ಜೋಡಿಸಿ, ನಡುವೆ ಒಂದು ಚೂರು ಕಟ್ಟಿಗೆ ತುರುಕಿ ಅಗಲಿಸಿ, ಸುಟ್ಟ ಮೋಟರಿನ ತಾಮ್ರದ ತಂತಿಯಿಂದ ಬಿದಿರ ಕಡ್ಡಿಗೆ ಬಿಗಿಯಬೇಕು. ನೀರು ಇಳಿಯದಂತೆ ಮೇಲೆ ಡಾಂಬರು ಕರಗಿಸಿ ಮೆತ್ತಬೇಕು. ನನ್ನ ಎಡಗೈ ಹೆಬ್ಬೆರಳಿನ ಉಗುರು ಎಷ್ಟು ಸಲ ಹೋಗಿ ಬಂದಿದೆಯೋ ನನಗೇ ಲೆಕ್ಕವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕಪ್ಪೆ ಹೊಡೆಯುವವನ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಹೂಡಿದ ಬಾಣ. ಉಳಿದ ಬಾಣಗಳು ಹಲ್ಲಿನಲ್ಲಿ. ಮೊನೆಯ ಬುಡದಲ್ಲಿ ಕಚ್ಚಿ ಹಿಡಿಯುತ್ತಾರೆ. ನೀರಿಂದ ತೆಗೆದ ಬಾಣ ತಿರುಗಿ ಬಾಯಿಗೇ ಹೋಗುತ್ತದೆ. ನನ್ನಪ್ಪ ಹಾಗೇ ಹಿಡಿಯುತ್ತಿದ್ದ, ಸಾಬಣ್ಣನೂ ಹಾಗೇ.

ಈಗ ಅರಿವೆಯ ಮಾತು. ನಮ್ಮ ಕಡೆ ಹುಳಕ್ಕೆ ಹೊಡೆಯುವ ಔಷಧಕ್ಕೆ ಎಣ್ಣೆ ಅನ್ನುತ್ತೇವೆ. ಎಣ್ಣೆ ಹೊಡೆದ ಹೊಲದ ಬದುವಿನಲ್ಲಿ ಒಂದು ಕಡ್ಡಿ ನೆಟ್ಟು ಕೆಂಪು ಅರಿವೆ ಕಟ್ಟಬೇಕು. ಕಾಲುವೆಗೆ ನೀರು ಬಂದು ಭತ್ತ ಬಂದಾಗಿನಿಂದ ಇದು ನಡೆದುಬಂದದ್ದು. ಹುಲ್ಲು ಕೊಯ್ಯುವವರು, ಎಮ್ಮೆ ಬಿಡುವವರು, ಕಳೆ ತೆಗೆಯುವವರು, ನಾವು, ಎಲ್ಲರೂ ಮೊದಲು ಬದು ನೋಡುತ್ತೇವೆ. ಅರಿವೆ ಇದ್ದರೆ ಕಾಲಿಡುವುದಿಲ್ಲ. ಇಲ್ಲದಿದ್ದರೆ ಕಣ್ಣು ಮುಚ್ಚಿ ಇಳಿಯುತ್ತೇವೆ. ಕಟ್ಟಿದವರೇ ಅದನ್ನು ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಆ ಹೊಲದಲ್ಲಿ ಎಮ್ಮೆ ಸಾಯಲಿ, ಮನುಷ್ಯ ಸಾಯಲಿ, ಎಲ್ಲ ಬಿಚ್ಚಿದವನ ತಲೆ ಮೇಲೆ. ಇದು ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಶಾಂತಕುಮಾರ ಸಾವುಕಾರನಿಗೂ ಗೊತ್ತು.

ಶಾಂತಕುಮಾರನ ಹೊಲ ರಸ್ತೆಗೆ ಹತ್ತಿದೆ. ಹೋದ ವರ್ಷ ಅಲ್ಲೊಂದು ಬೋರ್ಡು ನಿಂತಿತು. 'ವಿಷವಿಲ್ಲದ ಅಕ್ಕಿ' ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಒಂದು ಹಸಿರು ಕಪ್ಪೆಯ ಚಿತ್ರ. ಹೈದರಾಬಾದಿನಿಂದ ಅಕ್ಕಿ ಕೊಳ್ಳುವವರು ಕಾರಲ್ಲಿ ಬರುತ್ತಾರೆ. ಕಪ್ಪೆ ಕೂಗಿದರೆ ಮೊಬೈಲಿನಲ್ಲಿ ಹಿಡಿದುಕೊಂಡು ಖುಷಿ ಪಡುತ್ತಾರೆ. ಕಪ್ಪೆ ಇದ್ದ ಹೊಲ ಶುದ್ಧವಂತೆ. ನಾವು ತಿಂದರೆ ಹೊಲಸು, ಅವರು ಬರೆಸಿದರೆ ಶುದ್ಧ. ಆ ಬೋರ್ಡು ನೋಡಿ ಸಾಬಣ್ಣ ಬಿದ್ದು ಬಿದ್ದು ನಕ್ಕಿದ್ದ.

"ನಮ್ಮ ಕಪ್ಪಿನ ಬೋರ್ಡಿಗಿ ಏರಿಸ್ಯಾನ. ನಮ್ಮನ್ನ ಹಣಮಪ್ಪನ ಕಟ್ಟಿಗಿ ಏರಿಸಂಗಿಲ್ಲ ನೋಡ, ಮಲ್ಲಿ" ಅಂದಿದ್ದ.

ಅವತ್ತು ನಾನು ಹೊಸ ಮೊನೆ ಕಟ್ಟಿಕೊಟ್ಟಿದ್ದೆ. ಹೊತ್ತು ಇಳಿಯುವ ಮುಂಚೆ ಇಬ್ಬರೂ ಹೋದೆವು. ನಾನು ಶಾಂತಕುಮಾರನ ಹೊಲದ ಬದುವಿನ ಮೇಲೆ ಹುಲ್ಲು ಕೊಯ್ಯಲು ಕೂತೆ. ಸಾಬಣ್ಣ ಬದುವಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಅರಿವೆ ಇರಲಿಲ್ಲ. ಇಳಿದ. ಎಣ್ಣೆಯ ವಾಸನೆ ಇತ್ತು, ಇಲ್ಲ ಅನ್ನುವುದಿಲ್ಲ. ಆ ತಿಂಗಳು ಗಾಳಿಗೆಲ್ಲ ಅದೇ ವಾಸನೆ. ಪಕ್ಕದವರ ಹೊಲದಲ್ಲಿ ಅರಿವೆ ಹಾರಾಡುತ್ತಿತ್ತು, ಅಲ್ಲಿಯದೇ ಅಂದುಕೊಂಡೆವು.

ಹೊಡೆದ ಬಾಣ ಒಂದೂ ಹುಸಿ ಹೋಗಲಿಲ್ಲ. ಕಪ್ಪೆಗಳು ಕೂತಲ್ಲೇ ಕೂತಿದ್ದವು. ಸಾಬಣ್ಣ ಮೊಣಕಾಲುದ್ದ ನೀರಲ್ಲಿ ನಿಂತು, ಬಾಯಲ್ಲಿದ್ದ ಬಾಣ ತೆಗೆದು ಕೂಗಿ ಹೇಳಿದ: "ಮಲ್ಲಿ, ನಿನ್ನ ಮೊನಿ ಇವತ್ತ ಒಂದ ಕಪ್ಪಿಗೂ ಜಿಗೀಲಾಕ ಬಿಡವಲ್ದು." ನಾನು ಉಬ್ಬಿಹೋದೆ. ನನ್ನ ಮೊನೆ, ನನ್ನ ಕೈ, ನನ್ನಪ್ಪನ ವಿದ್ಯೆ. ಕುಡುಗೋಲು ಆಡಿಸುತ್ತ ನಗುತ್ತ ಕೂತಿದ್ದೆ. ಅವು ಜಿಗಿಯದಿದ್ದುದು ನನ್ನ ಮೊನೆಗೆ ಅಲ್ಲ. ಅವುಗಳಿಗೆ ಜಿಗಿಯುವ ತ್ರಾಣ ಇರಲಿಲ್ಲ. ಸಾಬಣ್ಣ ಒಂದೊಂದನ್ನೇ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದ, ಹಸಿ ಬಾಣವನ್ನು ಮತ್ತೆ ಹಲ್ಲಿಗೆ ಕಚ್ಚುತ್ತಿದ್ದ. ನಾನು ನೋಡುತ್ತಿದ್ದೆ.

ಮನೆಗೆ ಬಂದವನು ಬುಟ್ಟಿ ಇಳಿಸಿ, ನಾಲಿಗೆ ಜುಮ್ಮೆನ್ನುತ್ತದೆ ಅಂದ. ಬಾಯಿ ತುಂಬ ಜೊಲ್ಲು ಬಂತು. ಉಗುಳಿದ, ಮತ್ತೆ ಬಂತು. ಮೈಯೆಲ್ಲ ಬೆವರಿತು. ಕಾಲು ನಡುಗಲು ಹತ್ತಿದವು. ಮಗಳು ಚಂದ್ರಕಲಾ ನೀರು ತಂದಳು, ನುಂಗಲಾಗಲಿಲ್ಲ. ಓಣಿಯವರು ಟಂಟಂ ಆಟೋ ತಂದರು. ದವಾಖಾನೆಯ ಬಾಗಿಲಲ್ಲಿ ಇಳಿಸುವಾಗ ಅವನ ಬಾಯಲ್ಲಿ ನೊರೆ ಇತ್ತು, ಉಸಿರು ಇರಲಿಲ್ಲ.

ಡಾಕ್ಟರು ಏನು ತಿಂದಿದ್ದ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು. ಶಾಂತಕುಮಾರನ ಕೆಲಸ ನೋಡಿಕೊಳ್ಳುವ ಬಸಲಿಂಗ. ಗಾಡಿ ಹತ್ತಿ ನಮ್ಮ ಹಿಂದೆಯೇ ಬಂದಿದ್ದ.

"ಕಪ್ಪಿ ತಿಂದಾನ್ರಿ ಸಾಹೇಬ್ರ. ಇವ್ರು ತಿಂತಾರ್ರಿ."

ಅಷ್ಟೇ. ಕಪ್ಪೆ ಎಂಬ ಮಾತು ಬಿದ್ದ ಮೇಲೆ ಡಾಕ್ಟರ ಕಿವಿ ಮುಚ್ಚಿಹೋಯಿತು. ಇನ್ನೂ ಬೇಯಿಸಿಯೇ ಇಲ್ಲ, ಬುಟ್ಟಿಯಲ್ಲಿವೆ, ಬಂದು ನೋಡಿರಿ ಎಂದು ನಾನು ಎದೆ ಎದೆ ಬಡಿದುಕೊಂಡೆ. ಒಬ್ಬ ನರ್ಸು ಮೂಗಿಗೆ ಸೆರಗು ಹಿಡಿದು, ಇಂಥವೆಲ್ಲ ಯಾಕೆ ತಿನ್ನುತ್ತೀರಿ ಎಂದು ನನಗೇ ಬುದ್ಧಿ ಹೇಳಿದಳು. ಹೆಣ ಕೊಯ್ದರು. ವಿಷ ಅಂದರು. ಯಾವ ವಿಷ ಅಂದರೆ ಕಪ್ಪೆಯದು ಅಂದರು. ಹೊಟ್ಟೆಯೊಳಗಿನದನ್ನು ಪರೀಕ್ಷೆಗೆ ಎಲ್ಲಿಗೋ ಕಳಿಸಿದ್ದಾರಂತೆ, ವರದಿ ಅಲ್ಲಿಂದ ಬರಬೇಕಂತೆ. ಬರಲಿ, ಯಾವ ಜನ್ಮಕ್ಕೆ ಬರುತ್ತದೋ.

ಮಣ್ಣು ಮಾಡಿದ ಮಾರನೆಯ ದಿನ ಪೊಲೀಸರು ಬಂದರು. ನಾನು ಹುಚ್ಚಿ, ಸಾಬಣ್ಣನ ವಿಚಾರ ಕೇಳಲು ಬಂದರು ಅಂದುಕೊಂಡೆ. ಅವರು ಬಂದದ್ದು ಬಿಲ್ಲಿಗೆ. ಬಿಲ್ಲು, ಬಾಣ, ನನ್ನ ಉಳಿ, ಅರ, ಕೊನೆಗೆ ಆ ರೈಲು ಹಳಿಯ ತುಂಡನ್ನೂ ಒಯ್ದರು. ಕಪ್ಪೆ ಹೊಡೆಯುವುದು ಕಾಯ್ದೆ ಪ್ರಕಾರ ಗುನ್ನೆಯಂತೆ. ಹೊಲದಲ್ಲಿ ಎಣ್ಣೆ ಹೊಡೆದು ಊರ ಕಪ್ಪೆಯನ್ನೆಲ್ಲ ಕೊಂದವರ ಪಂಪು ಯಾವಾಗ ಒಯ್ಯುತ್ತೀರಿ ಎಂದು ಕೇಳಿದೆ. ನಕ್ಕರು. ಬಾಣದಿಂದ ಕೊಂದರೆ ಗುನ್ನೆ, ಎಣ್ಣೆಯಿಂದ ಕೊಂದರೆ ಒಕ್ಕಲುತನ. ಅವತ್ತು ಕಲಿತ ಪಾಠ ಇದು.

ಚಂದ್ರಕಲಾ ಹತ್ತನೆಯ ಇಯತ್ತೆ. ಶಾಲೆಯಲ್ಲಿ ಯಾರೋ ಪೇಪರು ತಂದು ಓದಿ ತೋರಿಸಿದರಂತೆ. ಅವಳ ಡೆಸ್ಕಿನ ಮೇಲೆ ಯಾರೋ ಕಪ್ಪೆ ಬರೆದಿದ್ದರಂತೆ, ಸೀಮೆಸುಣ್ಣದಲ್ಲಿ. ಅಪ್ಪ ತಿಂದಿರಲಿಲ್ಲ ಎಂದು ಅವಳು ಎದ್ದು ನಿಂತು ಹೇಳಿದ್ದಾಳೆ. ಇಡೀ ಕ್ಲಾಸು ನಕ್ಕಿದೆ. ಮನೆಗೆ ಬಂದು ಪಾಟೀಚೀಲ ಮೂಲೆಗೆ ಎಸೆದಳು. ಅವತ್ತಿನಿಂದ ಹೋಗಲಿಲ್ಲ. ಹೊಡೆದರೂ ಹೋಗಲಿಲ್ಲ, ಕಾಲು ಹಿಡಿದರೂ ಹೋಗಲಿಲ್ಲ. "ಅಪ್ಪ ಹ್ಯಾಂಗ ಸತ್ತ ಅಂತ ಅವ್ರ ಬಾಯಿಂದ ಬರೂತನಕ ನಾ ಹೋಗಂಗಿಲ್ಲ ಯವ್ವಾ" ಅಂದಳು. ಗಂಡ ಹೋದ ದುಃಖ ಒಂದು ಕಡೆ, ಇದು ಇನ್ನೊಂದು ಕಡೆ. ದುಃಖಕ್ಕಿಂತ ಸಿಟ್ಟು ಜಾಸ್ತಿ ಇತ್ತು ನನಗೆ.

ಅಮಾತೆಪ್ಪ ನಮ್ಮ ಓಣಿಯವನೇ. ಸಣ್ಣವನಿದ್ದಾಗಿನಿಂದ ಶಾಂತಕುಮಾರನ ಮನೆಯ ಆಳು. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವನು ಅವನೇ. ಪಂಪು ಸೋರಿ ಸೋರಿ ಅವನ ಬೆನ್ನ ಚರ್ಮ ಬಿಳಿಚಿ ಸುಲಿದುಹೋಗಿದೆ. ನಾನು ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಬಂದು ದೂರದಲ್ಲಿ ಕೂತ. ಆಮೇಲೆ ನೀರಿನ ಕಡೆ ನೋಡುತ್ತ ಹೇಳಿದ.

"ತಂಗಿ, ಅವತ್ತ ಮುಂಜಾನಿ ನಾನ ಎಣ್ಣಿ ಹೊಡದೀನಿ. ಅರಿವಿನೂ ಕಟ್ಟಿದ್ದೆ. ಹೈದರಾಬಾದ್ ಕಾರ್ ಬರೂದದ ಅಂತ ಸಾವುಕಾರ ತಾನ ಬಂದು ಬಿಚ್ಯಾನ. ಬಿಚ್ಚಿ, ಅದರಾಗ ಗಾಡಿ ಸೀಟ್ ಒರಸಿಕೊಂಡಾನ."

ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಕಾಲುವೆಯ ನೀರು ಒಯ್ದಿತು. ಇದನ್ನು ಊರ ಮುಂದೆ ಹೇಳುತ್ತೀಯಾ ಎಂದು ಕೇಳಿದೆ. ಅವನು ಆಗದು ಎಂದು ತಲೆಯಾಡಿಸಿದ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ಹೆಂಡತಿ ಮಕ್ಕಳನ್ನೂ ಬಿಡಲಿಲ್ಲ. ಎದ್ದು ಹೋಗಲಿಲ್ಲ ಅವನು. ಬೈಸಿಕೊಳ್ಳಲೆಂದೇ ಬಂದವನಂತೆ ಕೂತಿದ್ದ.

ಶಾಂತಕುಮಾರನ ಮನೆಗೆ ಹೋದೆ. ಅಂಗಳದಾಚೆ ನಿಲ್ಲಿಸಿದರು, ನಾವು ನಿಲ್ಲುವ ಜಾಗ ಅದೇ. ಅರಿವೆ ಬಿಚ್ಚಿದ್ದು ಯಾರು ಎಂದು ಕೇಳಿದೆ. ಅವನು ಚಹಾ ಕುಡಿಯುತ್ತಿದ್ದ. ಯಾರು ಹೇಳಿದರು ನಿನಗೆ ಎಂದ. ಹೆಸರು ಹೇಳಲಿಲ್ಲ ನಾನು. ತನ್ನ ಹೊಲಕ್ಕೆ ಹನಿ ಎಣ್ಣೆ ಬಿದ್ದಿಲ್ಲ, ಬೋರ್ಡು ಓದಲು ಬಾರದಿದ್ದರೆ ಮಗಳಿಂದ ಓದಿಸಿಕೋ ಎಂದ. ನಾಲಿಗೆ ಉದ್ದ ಮಾಡಿದರೆ ಬಿಲ್ಲಿನ ಕೇಸು ನಿನ್ನ ಹೆಸರಿಗೇ ಬೀಳುತ್ತದೆ ಎಂದ. ಆಮೇಲೆ ಬಸಲಿಂಗ ಗೇಟಿನ ತನಕ ಬಂದು ಹೇಳಿದ: ಶುಕ್ರವಾರ ಕಾರಿನವರು ಮತ್ತೆ ಬರುತ್ತಾರೆ, ಹೆಂಗಸರು ಕೈಯಿಂದ ಕಳೆ ಕೀಳುವುದನ್ನು ನೋಡಬೇಕಂತೆ, ನೀನೂ ಬಾ.

"ಛಲೋ ಸೀರಿ ಉಟಗೊಂಡು ಬರ್ರಿ ಎಲ್ಲಾರೂ. ಫೋಟೊ ತಗೀತಾರ."

ನನ್ನ ಗಂಡನಿಗೆ ಸಾವು ತಂದ ನೀರಲ್ಲಿ ನಾನು ಒಳ್ಳೆ ಸೀರೆ ಉಟ್ಟು ಬಗ್ಗಬೇಕು. ಅದನ್ನು ಅವರು ಫೋಟೊ ತೆಗೆಯಬೇಕು.

ಬುಧವಾರ ಅಮಾತೆಪ್ಪ ಮತ್ತೆ ಬಂದ. ಈ ಸಲ ನೆಟ್ಟಗೆ ಮನೆ ಬಾಗಿಲಿಗೆ. ಹುಳ ಮತ್ತೆ ಎದ್ದಿತ್ತಂತೆ. ಕಾರಿನವರಿಗೆ ಹೊಲ ಹಸಿರು ಕಾಣಬೇಕಲ್ಲ. ಸಾವುಕಾರ ಬೆಳಿಗ್ಗೆ ಮತ್ತೆ ಎಣ್ಣೆ ಹೊಡೆಸಿದ್ದಾನೆ, ಮೊದಲಿನದಕ್ಕಿಂತ ಗಟ್ಟಿ. ಅರಿವೆ ಕಟ್ಟಲು ಹೋದರೆ ಕೈ ಮುರಿಯುತ್ತೇನೆ ಎಂದಿದ್ದಾನೆ. ಶುಕ್ರವಾರ ಶಿರವಾಳದ ಕಡೆಯಿಂದ ಟಂಟಂ ತುಂಬ ಹೆಂಗಸರು ಬಂದು ಅದೇ ನೀರಿಗೆ ಇಳಿಯುತ್ತಾರೆ. ಕೈಯಲ್ಲಿ, ಕಾಲಲ್ಲಿ ಗಾಯ ಇದ್ದವರು. ಎಲೆ ಅಡಿಕೆಯನ್ನು ಅದೇ ಕೈಯಲ್ಲಿ ಬಾಯಿಗೆ ಹಾಕಿಕೊಳ್ಳುವವರು.

ಗುರುವಾರದ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋದೆ. ಅಲ್ಲಾಬಕ್ಷ ಡಬ್ಬಿ ತುಂಬ ಕಡ್ಡಿ ಕೊಟ್ಟ. ತನ್ನ ಅರ, ಉಳಿ, ಒಂದು ಹಳೇ ಸುತ್ತಿಗೆ, ಕೇಳದೇ ಇದ್ದರೂ ಕೊಟ್ಟ. ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಮನೆಯ ಮುಂದೆ, ಎಲ್ಲರಿಗೂ ಕಾಣುವಂತೆ ಕೆಂಡ ಹಾಕಿದೆ. ಹಳಿಯ ತುಂಡು ಪೊಲೀಸರ ಹತ್ತಿರ ಇತ್ತು. ಖಾರ ಅರೆಯುವ ಕಲ್ಲನ್ನೇ ಎಳೆದುಕೊಂಡೆ. ಸಾಬಣ್ಣ ಸತ್ತ ದಿನ ತೊಳೆದಿಟ್ಟಿದ್ದೆನಲ್ಲ, ಅದೇ ಕಲ್ಲು. ಆಮೇಲೆ ಅದರ ಮೇಲೆ ನಾನು ಖಾರ ಅರೆದಿರಲಿಲ್ಲ.

ಹೊಡೆದೆ. ಒಂದು ತುದಿ ಹಾರಿಹೋಯಿತು. ಚಂದ್ರಕಲಾ ಬಂದು ಇಕ್ಕಳ ಹಿಡಿದಳು. ಹಾಗಲ್ಲ ಹೀಗೆ ಎಂದು ತೋರಿಸಿದೆ. ಕೊಕ್ಕೆ ಎದ್ದಿತು. ಮತ್ತೆ ಹೊಡೆದೆ. ಓಣಿಯವರು ಬಂದು ಬಂದು ನೋಡಿದರು. ಇನ್ನೂ ಕಪ್ಪೆ ತಿನ್ನುವ ಆಸೆಯೇ ಎಂದು ಒಬ್ಬಾಕೆ ಬೈದಳು. ಬೈಯಲಿ ಎಂದು ಬಿಟ್ಟೆ. ಸಾಬಣ್ಣ ತಲೆಗೆ ಸುತ್ತುತ್ತಿದ್ದ ಕೆಂಪು ಪಟಗ ಗೂಟಕ್ಕೆ ನೇತಾಡುತ್ತಿತ್ತು. ಉದ್ದನೆಯ ಪಟಗ. ಅದರ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವಳು ಹಿಡಿದಳು. ಹರಿದೆವು. ಹರಿಯುವ ಸದ್ದಿಗೆ ಅವಳು ಅತ್ತಳು, ಕೈ ಮಾತ್ರ ಬಿಡಲಿಲ್ಲ.

ಬರೀ ಕಡ್ಡಿ ನೆಟ್ಟಿದ್ದರೆ ಬಸಲಿಂಗ ಕಾಲಲ್ಲಿ ಒದ್ದು ಬೀಳಿಸುತ್ತಿದ್ದ. ಕಪ್ಪೆಮೊನೆ ಬದುವಿನ ಗಟ್ಟಿ ಮಣ್ಣಿಗೆ ಇಳಿದರೆ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಕೀಳುವವನು ಬಗ್ಗಬೇಕು, ಎರಡೂ ಕೈ ಹಾಕಬೇಕು, ಅಲುಗಿಸಿ ಅಲುಗಿಸಿ ಎಳೆಯಬೇಕು. ಪ್ರತಿ ಬಾಣಕ್ಕೂ ಪಟಗದ ಒಂದು ಚೂರನ್ನು ಅರಿವೆಯಾಗಿ ತಾಮ್ರದ ತಂತಿಯಿಂದ ಸುತ್ತಿ ಬಿಗಿದಿದ್ದೆ. ಬಿಚ್ಚಲು ಹೊತ್ತು ಹಿಡಿಯಬೇಕು. ನಾಲ್ಕು ಜನ ನಿಂತು ನೋಡುವಷ್ಟು ಹೊತ್ತು. ಅದು ನನಗೆ ಬೇಕಾಗಿತ್ತು.

ಶುಕ್ರವಾರ ಬೆಳಕು ಹರಿಯುವಾಗ ತಾಯಿ ಮಗಳು ಬದುವಿನುದ್ದ ನೆಟ್ಟು ಬಂದೆವು. ಒಂದು ಬಾಣವನ್ನು ಬೋರ್ಡಿನ ಬುಡದಲ್ಲೇ ನೆಟ್ಟೆ, ಹಸಿರು ಕಪ್ಪೆಯ ಕೆಳಗೆ. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕೆಂಪು ಕಾಣುತ್ತಿತ್ತು. ಆಮೇಲೆ ರಸ್ತೆಯ ಪಕ್ಕ ಕೂತೆವು.

ಟಂಟಂ ಬಂತು. ಹೆಂಗಸರನ್ನು ಕರೆತರುವವಳು ರೇಣಮ್ಮ, ತಲೆ ಹಣ್ಣಾದ ಹೆಣ್ಣುಮಗಳು. ಇಳಿದವಳೇ ಮೊದಲು ಬದು ನೋಡಿದಳು. ನಿಂತಳು. ಅವಳ ಹಿಂದೆ ಎಲ್ಲರೂ ನಿಂತರು. ಯಾರು ಕಟ್ಟಿದ್ದು ಎಂದು ಕೇಳಿದಳು. ನಾನು ಅಂದೆ. ಎಣ್ಣೆ ಯಾವಾಗ ಹೊಡೆದರು ಎಂದು ಕೇಳಿದಳು. ಬುಧವಾರ ಅಂದೆ. ಅದಕ್ಕೂ ಮೊದಲು ನನ್ನ ಗಂಡ ಸತ್ತ ದಿನ ಅಂದೆ. ರೇಣಮ್ಮ ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ನನ್ನ ಪಕ್ಕ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು. ಒಬ್ಬೊಬ್ಬರೇ ಕೂತರು.

ಬಸಲಿಂಗ ಬಂದು ಎಲ್ಲರನ್ನೂ ಬೈದ. ಯಾರೂ ಏಳದಿದ್ದಾಗ ಬದುವಿಗೆ ಹಾರಿ ಒಂದು ಬಾಣಕ್ಕೆ ಕೈ ಹಾಕಿದ.

"ಬಸಲಿಂಗ, ತಿಳಕೊಂಡು ಕೈ ಹಚ್ಚಪಾ. ನಿನಗೂ ಮಕ್ಕಳದಾವ" ಎಂದಳು ರೇಣಮ್ಮ. ದನಿ ಏರಿಸಲಿಲ್ಲ.

ಅವನ ಕೈ ಹಿಂದೆ ಬಂತು. ಪ್ಯಾಂಟಿಗೆ ಒರೆಸಿಕೊಂಡು ಫೋನು ತೆಗೆದ.

ಶಾಂತಕುಮಾರ ಬಿಳಿ ಬಟ್ಟೆ ತೊಟ್ಟು ಗಾಡಿಯಲ್ಲಿ ಬಂದ. ಮೊದಲು ಹೆಂಗಸರಿಗೆ ಗದರಿದ, ಇನ್ನೆಂದೂ ಕೆಲಸಕ್ಕೆ ಕರೆಯುವುದಿಲ್ಲ ಅಂದ. ಅವರು ಎಲೆ ಮಡಿಸುತ್ತ ಕೂತರು. ಪೊಲೀಸರನ್ನು ಕರೆಸುತ್ತೇನೆ ಅಂದ. ಕಾರಿನವರೂ ಅವರೂ ಕೂಡಿಯೇ ಬರಲಿ ಅಂದೆ. ಆಗ ಅವನು ಹತ್ತಿರ ಬಂದು ಮೆತ್ತಗೆ ಮಾತಾಡಿದ. ಕಾಲುವೆ ದಂಡೆಯಲ್ಲಿ ದೂರದಲ್ಲಿ ಕಾರಿನ ಧೂಳು ಎದ್ದಿತ್ತು, ಅವನ ಕಣ್ಣು ಅಲ್ಲೇ ಇತ್ತು.

"ಬಿಚ್ಚು, ಮಲ್ಲಾಬಾಯಿ. ಏನ್ ಬೇಕ ಕೇಳು, ಆಮ್ಯಾಲ ಕೂತು ಮಾತಾಡೋಣು."

"ಈಗ ಬಿಚ್ತೀನಿ. ಒಂದ ಮಾತ ಬೇಕು. ಅವತ್ತ ಎಣ್ಣಿ ಹೊಡಿಸಿ ಅರಿವಿ ನಾನ ಬಿಚ್ಚೀನಿ, ಸಾಬಣ್ಣ ಕಪ್ಪಿ ತಿಂದು ಸತ್ತಿಲ್ಲ ಅಂತ ಇವ್ರ ಮುಂದ ಹೇಳು. ನನ್ನ ಮಗಳ ಮುಂದ ಹೇಳು."

"ಕಪ್ಪಿ ತಿನ್ನೋರ ಮುಂದ ನಾ ತಪ್ಪ ಒಪ್ಪಿಕೊಳ್ಳಬೇಕೇನು? ಯಾರು ನೋಡ್ಯಾರ?"

"ನಾ ನೋಡೀನ್ರಿ."

ಎಲ್ಲರೂ ತಿರುಗಿದರು. ಅಮಾತೆಪ್ಪ. ಪಂಪಿನ ಮನೆಯ ಹತ್ತಿರ ನಿಂತಿದ್ದವನು ರಸ್ತೆಗೆ ಬಂದಿದ್ದ. ಅಂಗಿ ತೆಗೆದು ಹೆಗಲ ಮೇಲೆ ಹಾಕಿಕೊಂಡಿದ್ದ. ಬೆನ್ನು ಸುಲಿದದ್ದು ಎಲ್ಲರಿಗೂ ಕಂಡಿತು.

"ನಾ ಕಟ್ಟಿದ್ದೆ, ನೀವ ಬಿಚ್ಚೀರಿ. ಮೊನ್ನಿನೂ ಹೊಡಿಸೀರಿ, ಕಟ್ಟಾಕ ಬಿಟ್ಟಿಲ್ಲ. ಈ ಹೆಣ್ಣಮಕ್ಕಳು ಸತ್ತರ ನಾ ಎಲ್ಲಿ ಹೋಗ್ಲಿರಿ?"

ಶಾಂತಕುಮಾರ ಅವನ ಕಡೆ ನೋಡಲೂ ಇಲ್ಲ. ಧೂಳು ಹತ್ತಿರ ಬಂದಿತ್ತು. ಬದುವಿಗೆ ಓಡಿದ. ಒಂದು ಬಾಣ ಹಿಡಿದು ಎಳೆದ, ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಹಾಕಿ ಅಲುಗಿಸಿದ. ಬಿಳಿ ಬಟ್ಟೆಗೆ ಕೆಸರು ಹತ್ತಿತು. ತಂತಿ ಬೆರಳು ಕೊಯ್ದಿತು. ಒಂದು ಬಂತು. ಮುಂದಿನದಕ್ಕೆ ಓಡಿದ. ಕೂತ ಹೆಂಗಸರೆಲ್ಲ ಎದ್ದು ನಿಂತರು. ಯಾರೂ ತಡೆಯಲಿಲ್ಲ. ಅವತ್ತು ಕದ್ದು ಮಾಡಿದ್ದನ್ನು ಇವತ್ತು ಎಲ್ಲರೂ ನೋಡುವಂತೆ ಮಾಡುತ್ತಿದ್ದ. ನನ್ನ ಗಂಡನ ಸಾವು ಯಾರ ತಲೆ ಮೇಲೆ ಎಂಬುದನ್ನು ಊರು ಕಣ್ಣಾರೆ ನೋಡಿತು. ಚಂದ್ರಕಲಾ ನನ್ನ ಕೈ ಹಿಡಿದು ನಿಂತು ಅದನ್ನು ನೋಡಿದಳು.

ಕೊನೆಗೆ ಬೋರ್ಡಿನ ಬುಡದ ಬಾಣ ಕಿತ್ತು ನೆಟ್ಟಗೆ ನಿಲ್ಲುವಾಗ ಕಾರು ನಿಂತಿತು. ಒಬ್ಬ ಹೆಣ್ಣುಮಗಳು, ಇಬ್ಬರು ಗಂಡಸರು ಇಳಿದರು. ಶಾಂತಕುಮಾರನ ಕೈಯಲ್ಲಿ ಬಾಣಗಳ ಕಟ್ಟು, ಕೆಂಪು ಅರಿವೆ, ಬೆರಳಲ್ಲಿ ರಕ್ತ. ಆಕೆ ತೊದಲುಗನ್ನಡದಲ್ಲಿ ಏನಿದು ಎಂದು ಕೇಳಿದಳು. ಹಬ್ಬ, ನಮ್ಮ ಕಡೆಯ ಒಂದು ಪೂಜೆ ಎಂದ ಅವನು. ನಮ್ಮ ಕಡೆ ತಿರುಗಿ, ಇನ್ನೇನು ಇಳಿಯಿರಿ ಎಂದು ಕೈ ಬೀಸಿದ. ಆಕೆ ಮೊಬೈಲು ಎತ್ತಿದಳು.

ನಾನು ಎದ್ದೆ. ಅವನ ಕೈಯಿಂದ ಒಂದು ಬಾಣ ಕಿತ್ತುಕೊಂಡೆ. ಬದು ಇಳಿದು ಭತ್ತದ ಬುಡದ ನೀರಿಗೆ ಮೊನೆಯವರೆಗೂ ಅದ್ದಿ ತೆಗೆದೆ. ನೀರು ತೊಟ್ಟಿಕ್ಕುತ್ತಿತ್ತು. ಅವನ ಮುಂದೆ ಹಿಡಿದೆ.

"ಪೂಜಾ ಅಲ್ಲರೀ ಯಕ್ಕಾ. ಎಣ್ಣಿ ಹೊಡದ ಹೊಲದ ಗುರ್ತು ಅದು. ಇಲ್ಲಾ ಅಂತಾನ ಇಂವ. ನನ್ನ ಗಂಡ ಈ ನೀರಾಗ ಅದ್ದಿದ ಬಾಣ ಹಲ್ಲಾಗ ಕಚಗೊಂಡು ನಿಂತಿದ್ದ. ಅದಕ್ಕ ಸತ್ತಾನ, ಕಪ್ಪಿ ತಿಂದು ಅಲ್ಲ. ನಿನ್ನ ಹೊಲದಾಗ ವಿಷ ಇಲ್ಲಲ್ಲ ಸಾವುಕಾರ, ತಗೋ. ಅಂವ ಹಿಡದಂಗ ನೀನೂ ಒಂದ ಗಳಿಗಿ ಕಚ್ಚಿ ಹಿಡಿ. ನಾವೆಲ್ಲಾ ಇಳೀತೀವಿ."

ರೇಣಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಇಳಿಯಲು ಅಣಿಯಾದವಳಂತೆ. ಎಲ್ಲರೂ ಸಿಕ್ಕಿಸಿದರು. ಅಮಾತೆಪ್ಪ ಬದುವಿನ ಮೇಲೆ ಬಂದು ನಿಂತ. ಕಾರಿನಾಕೆ ಮೊಬೈಲು ಇಳಿಸಿ, ಮೊನೆಯಿಂದ ಬೀಳುವ ಹನಿ ನೋಡಿದಳು, ಆಮೇಲೆ ಶಾಂತಕುಮಾರನ ಮುಖ ನೋಡಿದಳು.

ನಾನು ಬಾಣವನ್ನು ಅವನ ತುಟಿಯ ಹತ್ತಿರ ಹಿಡಿದೇ ಇದ್ದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಬಾಯಿ ತೆರೆಯಲಿಲ್ಲ.